ಅರವತ್ತು ಎಲೆ ಮತ್ತು ಪಕ್ಕದ ಹದಿನೈದು

ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜವೇ. ಎಲೆಯಾಟದಿಂದ ಹೊಲ ಮನೆ ಕಳೆದುಕೊಂಡವರ ಕಥೆ ಯಾವ ಊರಿನಲ್ಲಿಲ್ಲ? ಆದುದರಿಂದ ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ದೊಡ್ಡಗಾಜನೂರಿಗೆ ಬಂದ ನನ್ನ ಅಕ್ಕನ ಮಗ ಚೀಲದಿಂದ ಬಣ್ಣಬಣ್ಣದ ಎಲೆಗಳ ಡಬ್ಬಿಯೊಂದನ್ನು ತೆಗೆದು ಜಗಲಿಯ ಮೇಲೆ ಹರಡಿದಾಗ, ನಮ್ಮ ತಾಯಿಯವರು "ಅದನ್ನು ಮೊದಲು ಒಳಗಿಡು" ಎಂದು ಗದರಿದ್ದರಲ್ಲಿ ಆಶ್ಚರ್ಯವಿಲ್ಲ. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಒಂದು ವಾರ ಕಳೆಯುವಷ್ಟರಲ್ಲಿ ನಾನೇ ಅವನ ಎದುರಿಗೆ ಕುಳಿತು, ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಅರವತ್ತು ಚೀಟಿಗಳ ಕಟ್ಟೊಂದನ್ನು ಮಾಡಿಕೊಂಡಿದ್ದೆ. ಆ ಕಟ್ಟನ್ನು ಹದಗೊಳಿಸಿದ ಬಗೆಯನ್ನು, ನಾನು ಮಾಡಿದ ತಪ್ಪುಗಳ ಸಮೇತ, ವಿದ್ಯಾರ್ಥಿ ಮಿತ್ರರ ಮುಂದಿಡಬೇಕೆಂದು ಈ ಲೇಖನ. ಪೋಷಕರಿಗೂ ಒಂದೆರಡು ಮಾತು ನಡುವೆ ಬರುತ್ತದೆ.

ಈ ಆಟದ ಹೆಸರು 'ಮ್ಯಾಜಿಕ್: ದಿ ಗ್ಯಾದರಿಂಗ್'. ಇದನ್ನು ರಚಿಸಿದವರು ಅಮೆರಿಕದ ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತದ ಅಧ್ಯಾಪಕರು. ಕ್ರಮಯೋಜನೆ, ವಿಕಲ್ಪ ಎಂದು ನಾವು ಕಲಿಯುವ ಗಣಿತದ ವಿಭಾಗದಲ್ಲಿಯೇ ಅವರು ಡಾಕ್ಟರೇಟ್ ಪಡೆದವರು. 1993ರ ಆಗಸ್ಟ್ ತಿಂಗಳಿನಲ್ಲಿ 'ವಿಝರ್ಡ್ಸ್ ಆಫ್ ದಿ ಕೋಸ್ಟ್' ಎಂಬ ಸಂಸ್ಥೆ ಈ ಆಟವನ್ನು ಹೊರತಂದಿತು. ಮರುವರ್ಷವೇ ವಿಶ್ವ ಚಾಂಪಿಯನ್ ಪಂದ್ಯವೂ ನಡೆಯಿತು.

ಎಲೆಯಾಟ ನಮ್ಮ ನಾಡಿಗೆ ಹೊಸತೇನೂ ಅಲ್ಲ. ನೆರೆಯ ಅರಿಕುಠಾರಕ್ಕೆ ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರವೆಂದು ಕರೆದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಎಲೆಗಳ ಆಟದಲ್ಲಿ ಬಹಳ ಆಸಕ್ತರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗದಲ್ಲಿ ಇಂಥ ಹಲವು ಆಟಗಳ ವಿವರಣೆಯಿದೆ; ಅವುಗಳಲ್ಲಿ ಚಾಮುಂಡೇಶ್ವರಿ ಛದ್ ಎಂಬುದಕ್ಕೆ 320 ಎಲೆಗಳು. ಆದರೆ ಗಂಜೀಫಾ ಆಗಲಿ, ಇಸ್ಪೀಟಾಗಲಿ, ಆಡುವವರೆಲ್ಲರಿಗೂ ಸೇರಿ ಇರುವುದು ಒಂದೇ ಕಟ್ಟು. ಗಾರ್‌ಫೀಲ್ಡರ ಹೊಸತನ ಇರುವುದು ಇಲ್ಲಿಯೇ: ಪ್ರತಿಯೊಬ್ಬ ಆಟಗಾರನೂ ಸಾವಿರಾರು ಬಗೆಯ ಎಲೆಗಳಿಂದ ತನಗೆ ಬೇಕಾದುವನ್ನು ಆರಿಸಿ, ತನ್ನದೇ ಕಟ್ಟನ್ನು ಮನೆಯಲ್ಲಿಯೇ ಕಟ್ಟಿಕೊಂಡು ಬರುತ್ತಾನೆ. ಹೀಗಾಗಿ ಅರ್ಧ ಆಟ ಎದುರಾಳಿಯ ಮುಖ ನೋಡುವ ಮೊದಲೇ ಮುಗಿದಿರುತ್ತದೆ.

ನಿಯಮಗಳನ್ನು ಚುಟುಕಾಗಿ ಹೇಳುತ್ತೇನೆ. ಕಟ್ಟಿನಲ್ಲಿ ಕನಿಷ್ಠ 60 ಎಲೆ ಇರಬೇಕು. ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಸಾಮಾನ್ಯ 'ನೆಲ'ದ ಎಲೆಗಳಿಗೆ ಮಾತ್ರ ಈ ಮಿತಿಯಿಲ್ಲ. ಇಬ್ಬರಿಗೂ ಆರಂಭದಲ್ಲಿ 20 ಪ್ರಾಣ, ಕೈಯಲ್ಲಿ ಏಳು ಎಲೆ. ಸರದಿಗೆ ಒಂದು ಎಲೆ ಎಳೆಯಬಹುದು, ಒಂದು ನೆಲವನ್ನು ಹಾಸಬಹುದು. ನೆಲವೊಂದು ಸರದಿಗೆ ಒಂದು ಅಳತೆ ಶಕ್ತಿಯನ್ನು ಕೊಡುತ್ತದೆ. ಆ ಶಕ್ತಿಯನ್ನು ವೆಚ್ಚ ಮಾಡಿ ಜೀವಿಗಳನ್ನು ಕರೆಯುವುದು, ಮಂತ್ರಗಳನ್ನು ಪ್ರಯೋಗಿಸುವುದು. ಜೀವಿಗಳು ಎದುರಾಳಿಯ ಮೇಲೆ ಬಿದ್ದು ಪ್ರಾಣವನ್ನು ಕಳೆಯುತ್ತವೆ. ಇಪ್ಪತ್ತು ಸೊನ್ನೆಯಾದರೆ ಸೋಲು. ಬಣ್ಣಗಳು ಐದು: ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು. ಒಂದೊಂದು ಬಣ್ಣಕ್ಕೆ ಒಂದೊಂದು ಸ್ವಭಾವ. ಕೆಂಪು ಮುಂಗೋಪಿ, ನೀಲಿ ಕಾದು ನೋಡುವ ಜಾತಿ.

ಕಟ್ಟುಗಳಲ್ಲಿ ಮುಖ್ಯವಾಗಿ ಎರಡು ಮನೋಧರ್ಮ. ಒಂದು ಮೊದಲ ಸರದಿಯಿಂದಲೇ ನುಗ್ಗುವುದು. ಇನ್ನೊಂದು ಎದುರಾಳಿ ಮಾಡುವುದನ್ನೆಲ್ಲ ತಡೆದು, ಅವನ ಕೈ ಬರಿದಾದ ಮೇಲೆ ನಿಧಾನವಾಗಿ ಗೆಲ್ಲುವುದು. ಈ ಎರಡನೆಯದಕ್ಕೆ ಇಂಗ್ಲಿಷಿನಲ್ಲಿ 'ಕಂಟ್ರೋಲ್ ಡೆಕ್' ಎನ್ನುತ್ತಾರೆ. ನಾವು ತಡೆಯುವ ಕಟ್ಟು ಎನ್ನೋಣ. ಹುಲಿ-ಕುರಿ ಆಟವನ್ನು ಜಗಲಿಯ ಕಲ್ಲಿನ ಮೇಲೆ ಆಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೂರು ಹುಲಿಗಳಿಗೆ ಹಾರಿ ತಿನ್ನುವ ಕೆಲಸ. ಹದಿನೈದು ಕುರಿಗಳನ್ನಿಟ್ಟುಕೊಂಡವನಿಗೆ ಕೊಲ್ಲುವ ಅಧಿಕಾರವೇ ಇಲ್ಲ. ಅವನು ಒಂದೊಂದೇ ಕುರಿಯನ್ನು ಇಟ್ಟು, ಹುಲಿ ಹಾರುವ ಮನೆಗಳನ್ನು ಮುಚ್ಚುತ್ತ ಹೋಗಬೇಕು. ಕೊನೆಗೆ ಹುಲಿ ಬದುಕಿದ್ದೂ ಅಲುಗಾಡಲಾರದೆ ಸೋಲುತ್ತದೆ. ನನಗೆ ಚಿಕ್ಕಂದಿನಿಂದ ಕುರಿಯ ಕಡೆಯೇ ಇಷ್ಟ. ಆದುದರಿಂದ ತಡೆಯುವ ಕಟ್ಟನ್ನೇ ಆರಿಸಿಕೊಂಡೆ.

ಎಲೆಗಳಿಗೆ ಬೆಲೆ ಕೊಟ್ಟುಕೊಳ್ಳುವ ಬದಲು ಚೀಟಿಯಲ್ಲಿ ಬರೆದುಕೊಂಡೆವು. ನೆರೆಮನೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೊದಲ ದಿನದಿಂದಲೇ ಬಂದು ಕುಳಿತಿದ್ದಳು. ಎಲೆಗಳಿಗೆ ಕನ್ನಡ ಹೆಸರುಗಳನ್ನು ಕೊಟ್ಟವಳು ಅವಳೇ. 'ಕೌಂಟರ್‌ಸ್ಪೆಲ್' ಮಂತ್ರಭಂಗವಾಯಿತು: ಎರಡು ಶಕ್ತಿ ಕೊಟ್ಟು ಎದುರಾಳಿ ಹೂಡುವ ಎಲೆಯನ್ನು ಆ ಕ್ಷಣದಲ್ಲಿಯೇ ರದ್ದು ಮಾಡುವುದು. 'ರಾತ್ ಆಫ್ ಗಾಡ್' ದೈವಕೋಪ: ನಾಲ್ಕು ಶಕ್ತಿಗೆ ಎರಡೂ ಕಡೆಯ ಜೀವಿಗಳೆಲ್ಲ ನಾಶ. 'ಮನ ಲೀಕ್' ಎಂಬುದು ಸೋರುವ ಕೊಡ: ಎದುರಾಳಿ ಮತ್ತೂ ಮೂರು ಶಕ್ತಿ ತೆತ್ತರೆ ಸರಿ, ಇಲ್ಲವಾದರೆ ಅವನ ಎಲೆ ವ್ಯರ್ಥ. 'ಸೋರ್ಡ್ಸ್ ಟು ಪ್ಲೋಷೇರ್ಸ್' ಎಂಬುದಕ್ಕೆ ಅವಳು ಕತ್ತಿನೇಗಿಲು ಎಂದಳು. ಒಂದೇ ಶಕ್ತಿಗೆ ಒಂದು ಜೀವಿಯನ್ನು ಆಟದಿಂದಲೇ ಹೊರಗೆ ಕಳುಹಿಸುವ ಎಲೆ ಅದು. ಆ ಜೀವಿಯ ಬಲದಷ್ಟು ಪ್ರಾಣ ಅದರ ಒಡೆಯನಿಗೆ ಸೇರುತ್ತದೆ. ಸಿಪಾಯಿ ಕತ್ತಿಯನ್ನು ಬಿಟ್ಟು ಊರಿಗೆ ಹೋಗಿ ಆರು ಹೂಡಿದನಲ್ಲ, ಬೆಳೆ ಬರದೆ ಇರುತ್ತದೆಯೇ ಎಂದು ಅವಳ ಸಮಾಧಾನ.

ಇಲ್ಲಿ ಪೋಷಕರಿಗೆ ಹೇಳಬೇಕಾದ ಮಾತು. ಈ ಎಲೆಗಳನ್ನು ಮುಚ್ಚಿದ ಪೊಟ್ಟಣಗಳಲ್ಲಿ ಮಾರುತ್ತಾರೆ. ಒಳಗೆ ಏನಿದೆಯೆಂದು ಕೊಳ್ಳುವ ಮೊದಲು ತಿಳಿಯದು. ಬೇಕಾದ ಎಲೆ ಸಿಗಲಿಲ್ಲವೆಂದು ಇನ್ನೊಂದು ಪೊಟ್ಟಣ, ಮತ್ತೊಂದು ಪೊಟ್ಟಣ ಎಂದು ಮಕ್ಕಳು ಹಟ ಹಿಡಿದರೆ ಅದಕ್ಕೂ ಲಾಟರಿಗೂ ಹೆಚ್ಚು ಅಂತರವಿಲ್ಲ. ಈ ವಿಷಯದಲ್ಲಿ ನಮ್ಮ ತಾಯಿಯವರ ಗುಮಾನಿ ಪೂರ್ತಿ ತಪ್ಪಲ್ಲ. ಬಿಡಿ ಎಲೆಗಳನ್ನು ಬೆಲೆ ನೋಡಿ ಕೊಳ್ಳುವುದು ಇದಕ್ಕಿಂತ ಎಷ್ಟೋ ವಾಸಿ. ಅಧಿಕೃತ ಪಂದ್ಯಗಳಲ್ಲಿ ಅಸಲಿ ಎಲೆಗಳೇ ಬೇಕು, ಯಾವ ಯಾವ ವರ್ಷದ ಎಲೆಗಳು ನಡೆಯುತ್ತವೆಂಬ ಕಟ್ಟುಪಾಡೂ ಇದೆ. ಮನೆಯ ಜಗಲಿಗೆ ಲಗ್ನಪತ್ರಿಕೆಯ ಚೀಟಿ ಸಾಕು. ಆಟದ ಬುದ್ಧಿ ಚೀಟಿಯಲ್ಲಿಯೂ ಅಷ್ಟೇ ಇದೆ.

ಈಗ ನನ್ನ ಮೊದಲ ಕಟ್ಟು. ನೆಲ 24, ಉಳಿದ ಒಂಬತ್ತು ಬಗೆಗಳಲ್ಲಿ ನಾಲ್ಕು ನಾಲ್ಕು: ಮಂತ್ರಭಂಗ, ಸೋರುವ ಕೊಡ, ಕತ್ತಿನೇಗಿಲು, ದೈವಕೋಪ, ಮಾಟ ಬಿಡಿಸುವ 'ಡಿಸ್‌ಎಂಚಾಂಟ್', ಎದುರಾಳಿಯ ಜೀವಿಯನ್ನೇ ನಮ್ಮ ಕಡೆಗೆ ಎಳೆದುಕೊಳ್ಳುವ ವಶೀಕರಣ, ಅಂದರೆ 'ಕಂಟ್ರೋಲ್ ಮ್ಯಾಜಿಕ್', ಮೂರು ಶಕ್ತಿಗೆ ಎರಡು ಎಲೆ ಎಳೆಯುವ 'ಡಿವಿನೇಷನ್' (ಇದಕ್ಕೆ ಕಣಿ ಎಂದು ಹೆಸರಿಟ್ಟೆವು), ಮೂರು ಪ್ರಾಣ ಕೊಡುವ ಮುಲಾಮು, ಗೆಲ್ಲುವುದಕ್ಕಾಗಿ 'ಸೆರಾ ಏಂಜೆಲ್' ಎಂಬ ಹಾರುವ ದೇವದೂತೆ. ಒಟ್ಟು 60. ನೋಡುವುದಕ್ಕೆ ಬಹಳ ಅಚ್ಚುಕಟ್ಟು. ಸೋದರಳಿಯನ ಕೆಂಪು ಕಟ್ಟಿನ ಎದುರು ಐದು ಆಟಗಳಲ್ಲಿ ಐದನ್ನೂ ಸೋತೆ.

ಅವನದು ಬೆಂಕಿಯ ಕಟ್ಟು. ಒಂದು ಶಕ್ತಿಗೆ ಒಂದು ಗಾಬ್ಲಿನ್, ಒಂದು ಶಕ್ತಿಗೆ ಮೂರು ಪ್ರಾಣ ಕಳೆಯುವ ಸಿಡಿಲು, ಅಂದರೆ 'ಲೈಟ್ನಿಂಗ್ ಬೋಲ್ಟ್'. ನಾನು ನಾಲ್ಕನೆಯ ನೆಲವನ್ನು ಎದುರು ನೋಡುತ್ತ ಕೈಯಲ್ಲಿ ದೈವಕೋಪವನ್ನು ಹಿಡಿದು ಕುಳಿತಿರುವಾಗಲೇ ಇಪ್ಪತ್ತು ಪ್ರಾಣ ಹೋಗಿಬಿಡುತ್ತಿತ್ತು. ಐದನೆಯ ಸೋಲಿನ ಮೇಲೆ ನೋಟುಪುಸ್ತಕ ತೆಗೆದು ಲೆಕ್ಕ ಹಾಕಲು ಕುಳಿತೆ.

ಮೊದಲಿಗೆ ಮುಲಾಮು. ನನಗೆ ಅದರ ಮೇಲೆ ಏಕೋ ಮಮತೆ. ಆದರೆ ಒಂದು ಎಲೆ ಕೊಟ್ಟು ಮೂರು ಪ್ರಾಣ ಪಡೆದರೆ ಎರಡು ಬಲದ ಒಂದು ಗಾಬ್ಲಿನ್ ಎರಡೇ ಸರದಿಯಲ್ಲಿ ಅದಷ್ಟನ್ನೂ ತಿಂದುಹಾಕುತ್ತದೆ, ಮತ್ತು ಗಾಬ್ಲಿನ್ ಅಲ್ಲಿಯೇ ಇರುತ್ತದೆ. ಹೊಲಕ್ಕೆ ಆನೆ ಬಂದಾಗ ಅದನ್ನು ಓಡಿಸದೆ ತುಳಿದ ಪೈರನ್ನು ಎತ್ತಿ ನಿಲ್ಲಿಸುತ್ತ ಹೋದಂತೆ. ತಡೆಯುವ ಕಟ್ಟಿನಲ್ಲಿ ಪ್ರತಿ ಎಲೆಗೂ ಒಂದು ಪ್ರಶ್ನೆ ಕೇಳಬೇಕು: ಇದನ್ನು ಖರ್ಚು ಮಾಡಿದರೆ ಎದುರಾಳಿಯ ಎಷ್ಟು ಎಲೆ ಹೋಗುತ್ತದೆ, ಅಥವಾ ನನಗೆ ಎಷ್ಟು ಎಲೆ ಬರುತ್ತದೆ? ದೈವಕೋಪ ಒಂದಕ್ಕೆ ಮೂರೋ ನಾಲ್ಕೋ ಜೀವಿಗಳನ್ನು ಒಯ್ಯುತ್ತದೆ. ಕಣಿ ಒಂದಕ್ಕೆ ಎರಡು ತರುತ್ತದೆ. ಮಂತ್ರಭಂಗ ಒಂದಕ್ಕೆ ಒಂದು, ಸರಿಸಮ. ಮುಲಾಮು ಒಂದಕ್ಕೆ ಸೊನ್ನೆ. ನಾಲ್ಕನ್ನೂ ತೆಗೆದೆ.

ಎರಡನೆಯದು ದೇವದೂತೆ. ಇವಳಿಗೆ ಐದು ಶಕ್ತಿ ಬೇಕು, ಬಲ ನಾಲ್ಕು. ಐದು ಸಲ ಹೊಡೆದರೆ 20 ಪೂರ್ತಿ. ಹಾಗಾದರೆ ಆಟಕ್ಕೆ ಬೇಕಾದುದು ಒಬ್ಬಳೇ, ಅದೂ ಕೊನೆಯಲ್ಲಿ. ನಾಲ್ವರಿದ್ದರೆ ಆರಂಭದ ಕೈಯಲ್ಲಿಯೇ ಬಂದು ಕುಳಿತು, ಉಪಯೋಗಕ್ಕೆ ಬಾರದೆ ಎಡೆ ಹಿಡಿಯುತ್ತಾರೆ. 1990ರ ದಶಕದ ನಡುವಿನಲ್ಲಿ ಬ್ರಯಾನ್ ವೈಸ್‌ಮನ್ ಎಂಬ ಅಮೆರಿಕದ ಆಟಗಾರರು ಕಟ್ಟಿದ ತಡೆಯುವ ಕಟ್ಟು ಇಂದಿಗೂ ಪ್ರಸಿದ್ಧ. ಅದನ್ನು 'ದಿ ಡೆಕ್' ಎಂದೇ ಕರೆಯುತ್ತಾರೆ, ಬೇರೆ ಕಟ್ಟುಗಳೇ ಇಲ್ಲವೇನೋ ಎಂಬಂತೆ. ಆ ಕಟ್ಟಿನಲ್ಲಿ ಗೆಲ್ಲುವುದಕ್ಕೆಂದು ಇದ್ದುದು ಎರಡೇ ದೇವದೂತೆ. ಉಳಿದುದೆಲ್ಲ ತಡೆಯುವುದಕ್ಕೆ ಮತ್ತು ಎಲೆ ಎಳೆಯುವುದಕ್ಕೆ. ನಾನೂ ಎರಡಕ್ಕೆ ಇಳಿಸಿದೆ. ಮಾಟ ಬಿಡಿಸುವ ಎಲೆ ಮತ್ತು ವಶೀಕರಣವನ್ನೂ ಎರಡೆರಡಕ್ಕೆ ಇಳಿಸಿದೆ. ಅವು ಕೆಲವರ ಎದುರು ಮಾತ್ರ ಕೆಲಸಕ್ಕೆ ಬರುವಂಥವು.

ಮೂರನೆಯದೇ ನಿಜವಾದ ರೋಗ: ನೆಲ. 24 ನೆಲ ಸಾಕೆಂದು ನಾನು ಅಂದಾಜಿನಿಂದ ಹಾಕಿದ್ದೆ. ದೈವಕೋಪಕ್ಕೆ ನಾಲ್ಕು ಶಕ್ತಿ ಬೇಕು, ಅಂದರೆ ನಾಲ್ಕನೆಯ ಸರದಿಗೆ ನಾಲ್ಕು ನೆಲ. ಮೊದಲು ಆಡುವವನಿಗೆ ಮೊದಲ ಸರದಿಯಲ್ಲಿ ಎಲೆ ಎಳೆಯುವ ಅವಕಾಶವಿಲ್ಲ. ಆದುದರಿಂದ ನಾಲ್ಕನೆಯ ಸರದಿಯ ಹೊತ್ತಿಗೆ ಅವನು ಕಂಡಿರುವುದು ಏಳೂ ಮೂರೂ ಹತ್ತು ಎಲೆ. ಆ ಹತ್ತರಲ್ಲಿ ನಾಲ್ಕಾದರೂ ನೆಲ ಇರುವ ಸಂಭವ ಎಷ್ಟು? ವಿಕಲ್ಪಗಳ ಲೆಕ್ಕ ಮಾಡಿದರೆ, 24 ನೆಲವಿದ್ದಾಗ ನೂರರಲ್ಲಿ 63 ಸಲ. 26 ನೆಲ ಹಾಕಿದರೆ ನೂರರಲ್ಲಿ ಸುಮಾರು 72 ಸಲ. ಎರಡೇ ಎರಡು ನೆಲದಿಂದ ನೂರಕ್ಕೆ ಎಂಟೊಂಬತ್ತು ಆಟಗಳ ವ್ಯತ್ಯಾಸ! ನುಗ್ಗುವ ಕಟ್ಟಿನವನಿಗೆ ಎರಡು ಮೂರು ನೆಲ ಸಿಕ್ಕರೆ ಸಾಕು, ಅವನು ಕಡಿಮೆ ಹಾಕಬಹುದು. ತಡೆಯುವವನು ಪ್ರತಿ ಸರದಿಯೂ ನೆಲ ಹಾಸಬೇಕು. ಅವನಿಗೆ ನೆಲವೇ ಮೊದಲ ಆಯುಧ.

ಇದೇ ಸಂದರ್ಭದಲ್ಲಿ ಹುಡುಗಿ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. ಅರವತ್ತು ಕನಿಷ್ಠ ತಾನೇ, ಎಂಬತ್ತು ಹಾಕಿಕೊಂಡರೆ ಯಾವುದನ್ನೂ ತೆಗೆಯುವ ಸಂಕಟವೇ ಇರುವುದಿಲ್ಲವಲ್ಲ? ಇದರ ಲೆಕ್ಕ ಅವಳಿಂದಲೇ ಮಾಡಿಸಿದೆ. ಹತ್ತು ಎಲೆ ಕಂಡಾಗ ನಾಲ್ಕು ದೈವಕೋಪಗಳಲ್ಲಿ ಒಂದಾದರೂ ಸಿಗದೆ ಹೋಗಬೇಕಾದರೆ, ಆ ನಾಲ್ಕೂ ಉಳಿದ ಐವತ್ತು ಎಲೆಗಳಲ್ಲಿ ಅಡಗಿರಬೇಕು. ಮೊದಲನೆಯದು ಹಾಗೆ ಅಡಗಿರುವ ಸಂಭವ 60ರಲ್ಲಿ 50. ಎರಡನೆಯದಕ್ಕೆ 59ರಲ್ಲಿ 49. ಮೂರನೆಯದಕ್ಕೆ 58ರಲ್ಲಿ 48. ನಾಲ್ಕನೆಯದಕ್ಕೆ 57ರಲ್ಲಿ 47. ನಾಲ್ಕು ಭಿನ್ನರಾಶಿಗಳನ್ನೂ ಗುಣಿಸಿದರೆ ಸುಮಾರು 0.47. ಅಂದರೆ ಸಿಗುವ ಸಂಭವ ನೂರರಲ್ಲಿ 53. ಎಂಬತ್ತು ಎಲೆಯ ಕಟ್ಟಿನಲ್ಲಿ ಇದೇ ರೀತಿ ಗುಣಿಸಿದರೆ ಅದು 42ಕ್ಕೆ ಇಳಿಯುತ್ತದೆ. ಒಳ್ಳೆಯ ಎಲೆ ನಾಲ್ಕೇ ಇರುವಾಗ ಕಟ್ಟು ದಪ್ಪವಾದಷ್ಟೂ ಅದು ದೂರವಾಗುತ್ತದೆ. ಈ ಲೆಕ್ಕ ಮುಗಿಸಿದ ಮೇಲೆ ಅವಳು ಎಂಬತ್ತರ ಮಾತನ್ನು ಎತ್ತಲಿಲ್ಲ.

ಹತ್ತು ಎಲೆ ತೆಗೆದು ಎರಡು ನೆಲ ಸೇರಿಸಿದ ಮೇಲೆ ಎಂಟು ಸ್ಥಾನ ಉಳಿಯಿತು. ಅವುಗಳಿಗೆ ಎಲೆ ಹುಡುಕುವ ಎಲೆಗಳನ್ನೇ ಹಾಕಿದೆ. 'ಇಂಪಲ್ಸ್' ನಾಲ್ಕು: ಎರಡು ಶಕ್ತಿಗೆ ಕಟ್ಟಿನ ಮೇಲಿನ ನಾಲ್ಕು ಎಲೆ ನೋಡಿ ಒಂದನ್ನು ತೆಗೆದುಕೊಳ್ಳಬಹುದು. ಇನ್ನು ನಾಲ್ಕು 2000ನೆಯ ಇಸವಿಯಲ್ಲಿ ಬಂದ 'ಫ್ಯಾಕ್ಟ್ ಆರ್ ಫಿಕ್ಷನ್'. ಇದು ನನಗೆ ಬಹು ಮೆಚ್ಚುಗೆಯಾದ ಎಲೆ. ನಿಮ್ಮ ಕಟ್ಟಿನ ಮೇಲಿನ ಐದು ಎಲೆಗಳನ್ನು ಬಿಚ್ಚಿಡಬೇಕು. ಎದುರಾಳಿ ಅವನ್ನು ಎರಡು ಪಾಲು ಮಾಡುತ್ತಾನೆ. ಯಾವ ಪಾಲು ಬೇಕೆಂಬುದನ್ನು ನೀವು ಆರಿಸುತ್ತೀರಿ. ಅಣ್ಣ ತಮ್ಮಂದಿರ ನಡುವೆ ಹೋಳಿಗೆ ಹಂಚುವಾಗ ಒಬ್ಬನು ಮುರಿಯುವುದು, ಇನ್ನೊಬ್ಬನು ಮೊದಲು ಎತ್ತಿಕೊಳ್ಳುವುದು ಎಂದು ತಾಯಂದಿರು ಮಾಡುವ ನ್ಯಾಯವೇ ಇದು. ಸೋದರಳಿಯ ಒಂದು ದೇವದೂತೆಯನ್ನು ಒಂದು ಕಡೆಗೂ ಉಳಿದ ನಾಲ್ಕನ್ನು ಇನ್ನೊಂದು ಕಡೆಗೂ ಇಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ನಾಲ್ಕನ್ನು ಎತ್ತಿಕೊಳ್ಳಲು ಕಲಿತದ್ದು ಬಹಳ ತಡವಾಗಿ.

ಹೀಗೆ ಹದಗೊಂಡ ಕಟ್ಟಿನಿಂದ ಕೆಂಪಿನ ಎದುರು ಐದರಲ್ಲಿ ಎರಡು ಗೆಲ್ಲತೊಡಗಿದೆ. ಇನ್ನು ಮುಂದಿನದು ಪಕ್ಕದ ಕಟ್ಟು.

ಪಂದ್ಯಗಳಲ್ಲಿ ಇಬ್ಬರ ನಡುವೆ ಮೂರು ಆಟ. ಎರಡು ಗೆದ್ದವನಿಗೆ ಜಯ. ಅರವತ್ತಲ್ಲದೆ ಇನ್ನೂ ಹೆಚ್ಚೆಂದರೆ 15 ಎಲೆಗಳನ್ನು ಬೇರೆಯಾಗಿ ತರಬಹುದು. ಇದೇ 'ಸೈಡ್‌ಬೋರ್ಡ್'. ಮೊದಲ ಆಟವನ್ನು ಅರವತ್ತರಲ್ಲಿಯೇ ಆಡಬೇಕು. ಎದುರಾಳಿ ಯಾರೆಂದು ಗೊತ್ತಾದ ಮೇಲೆ, ಎರಡನೆಯ ಆಟಕ್ಕೆ ಮುಂಚೆ, ಪಕ್ಕದಿಂದ ಕೆಲವನ್ನು ಒಳಗೆ ತಂದು ಅಷ್ಟನ್ನೇ ಹೊರಗಿಡಬಹುದು. ಮುಂದಿನ ಎದುರಾಳಿಯ ಬಳಿ ಹೋಗುವಾಗ ಮತ್ತೆ ಮೊದಲಿನಂತೆ ಮಾಡಿಕೊಳ್ಳಬೇಕು. ನಮ್ಮ ತಾಳವಾಡಿ ಸೀಮೆಯಲ್ಲಿ ರಾತ್ರಿ ಅಟ್ಟಣೆಗೆ ಹೋಗುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ದಿನವೂ ಕೈಯಲ್ಲಿರುವುದು ಟಾರ್ಚು, ಕೋಲು. ಆನೆ ಬಂದ ಸುದ್ದಿ ಬಂದಾಗ ಒಳಗಿನಿಂದ ಪಟಾಕಿ ಹೊರಗೆ ಬರುತ್ತದೆ. ಹಗಲು ಬರುವ ಕೋತಿಗೆ ಟಾರ್ಚು ಹಿಡಿದುಕೊಂಡು ಹೋಗುವವನಿಲ್ಲ.

ಆದರೂ ನಾನು ಹೋದೆ. ಕೆಂಪಿನ ಮೇಲಿನ ಸಿಟ್ಟಿನಲ್ಲಿ ಹದಿನೈದರಲ್ಲಿ ಹನ್ನೆರಡು ಎಲೆಗಳನ್ನು ಅದಕ್ಕೆಂದೇ ಬರೆದೆ: ಕೆಂಪು ಎಲೆಗಳ ಪೆಟ್ಟನ್ನು ಒಂದೊಂದು ಶಕ್ತಿ ತೆತ್ತು ತಡೆಯುವ ಕೆಂಪು ರಕ್ಷಾವಲಯ ನಾಲ್ಕು ('ಸರ್ಕಲ್ ಆಫ್ ಪ್ರೊಟೆಕ್ಷನ್: ರೆಡ್'), ಕೆಂಪು ಎಲೆಯನ್ನು ಒಂದೇ ಶಕ್ತಿಗೆ ಹೊಡೆಯುವ ನೀಲಿ ಪೆಟ್ಟು ನಾಲ್ಕು ('ಬ್ಲೂ ಎಲಿಮೆಂಟಲ್ ಬ್ಲಾಸ್ಟ್'), ಮತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ನಾಲ್ಕು ಮುಲಾಮು! ಮೊದಲ ಆಟವನ್ನು ಸೋತು, ಪಕ್ಕದ ಕಟ್ಟಿಗೆ ಕೈ ಹಾಕಿದಾಗ ಹುಡುಗಿ ಕೇಳಿದಳು: "ಮಾವ, ಒಳಗೆ ಬರುವುದು ಹನ್ನೆರಡು. ಹೊರಗೆ ಹೋಗುವುದು ಯಾವುದು?"

ನಾನು ಅರವತ್ತನ್ನೂ ಹರಡಿಕೊಂಡು ನೋಡಿದೆ. ಕೆಂಪಿನ ಎದುರು ಕೆಲಸಕ್ಕೆ ಬಾರದವು ಯಾವುವು? ಅವನ ಬಳಿ ಮಾಟದ ಎಲೆಗಳೇ ಇಲ್ಲ. ಆದುದರಿಂದ ಮಾಟ ಬಿಡಿಸುವ ಎರಡು ಎಲೆ ಹೊರಗೆ. ನಾಲ್ಕು ಶಕ್ತಿ ಕೊಟ್ಟು ಒಂದು ಸಣ್ಣ ಗಾಬ್ಲಿನನ್ನು ವಶ ಮಾಡಿಕೊಳ್ಳುವುದು ದಂಡ. ವಶೀಕರಣ ಎರಡು ಹೊರಗೆ. ಮೂರನೆಯ ಸರದಿಯಲ್ಲಿ ಕಣಿ ಕೇಳುತ್ತ ಕೂರಲು ಪುರಸೊತ್ತಿಲ್ಲ. ಕಣಿ ಮೂರು ಹೊರಗೆ. ಏಳು. ಎಂಟನೆಯದನ್ನು ತೆಗೆಯಹೋದರೆ ಒಳ್ಳೆಯ ಎಲೆಗೇ ಕತ್ತರಿ ಬೀಳುತ್ತಿತ್ತು. ಹೊರಗೆ ಹೋಗುವುದು ಏಳಾದರೆ ಒಳಗೆ ಬರಬೇಕಾದುದೂ ಏಳೇ. ಉಳಿದ ಐದು ಎಲೆ ಪಕ್ಕದ ಕಟ್ಟಿನಲ್ಲಿ ಸುಮ್ಮನೆ ಸ್ಥಾನ ಹಿಡಿದು ಕುಳಿತಿದ್ದವು. ಆದುದರಿಂದ ಪಕ್ಕದ ಕಟ್ಟನ್ನು ಬರೆಯುವ ಮೊದಲು ಬರೆಯಬೇಕಾದುದು ಹೊರಗೆ ಹೋಗುವವರ ಪಟ್ಟಿ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ, ಒಂಬತ್ತನೆಯ ತರಗತಿಯವಳಿಂದ ಕಲಿತೆ.

ರಕ್ಷಾವಲಯ ಮೂರು, ನೀಲಿ ಪೆಟ್ಟು ನಾಲ್ಕು ಎಂದು ಗೊತ್ತುಮಾಡಿದ ಮೇಲೆ ಸೋದರಳಿಯನ ಸದ್ದು ಅಡಗಿತು. ಕೆಂಪು ಬಣ್ಣಕ್ಕೆ ಇಂಥ ವಲಯವನ್ನು ಮುರಿಯುವ ದಾರಿ ಬಹಳ ಕಡಿಮೆ. ನಾನು ಎರಡು ದಿನ ಬೀಗಿದೆ. ಮೂರನೆಯ ದಿನ ಅವನು "ನೀವು ಚೀಟಿ ಬರೆಯಬಹುದಾದರೆ ನಾನೂ ಬರೆಯುತ್ತೇನೆ" ಎಂದು 1995ರಲ್ಲಿ ಬಂದ 'ಅನಾರ್ಕಿ' ಎಂಬ ಹಳೆಯ ಎಲೆಯನ್ನು ಬರೆದು ತಂದ. ನಾಲ್ಕು ಶಕ್ತಿಗೆ ಮೇಜಿನ ಮೇಲಿರುವ ಬಿಳಿ ಎಲೆಗಳೆಲ್ಲ ನಾಶ! ವಲಯವೂ ಬಿಳಿ, ದೇವದೂತೆಯೂ ಬಿಳಿ. ಎರಡೂ ಒಟ್ಟಿಗೆ ಹೋದವು. ನಾನು ಪಕ್ಕದಿಂದ ಎಲೆ ತರುವಾಗ ಎದುರಾಳಿಯೂ ತರುತ್ತಾನೆಂಬುದನ್ನು ಮರೆತಿದ್ದೆ. ಅಂದಿನಿಂದ ವಲಯ ಬಿದ್ದ ಮೇಲೆ ಮಂತ್ರಭಂಗವನ್ನು ಸಿಕ್ಕಸಿಕ್ಕ ಗಾಬ್ಲಿನಿಗೆ ಖರ್ಚು ಮಾಡುವುದನ್ನು ಬಿಟ್ಟೆ. ಸಣ್ಣ ಪೆಟ್ಟುಗಳನ್ನು ವಲಯ ನೋಡಿಕೊಳ್ಳುತ್ತದೆ; ಎರಡು ನೀಲಿ ನೆಲವನ್ನು ಎದ್ದಂತೆಯೇ ಇಟ್ಟುಕೊಂಡು ಆ ಒಂದು ಎಲೆಗಾಗಿ ಕಾಯುವುದು. ಕಾಯುವಾಗ ಕೈ ತುರಿಸುತ್ತದೆ.

ಹಸಿರು ಕಟ್ಟಿನ ವಿಷಯ ಹೆಚ್ಚು ಹೇಳುವಂಥದ್ದಲ್ಲ. ಅದರಲ್ಲಿ ದೊಡ್ಡ ಪ್ರಾಣಿಗಳು, ಅವುಗಳಿಗೆ ಬಲ ಕೊಡುವ ಒಂದೆರಡು ಮಾಟ. ಮಾಟ ಬಿಡಿಸುವ ಎಲೆ ಇನ್ನೆರಡು ಒಳಗೆ, ಸೋರುವ ಕೊಡ ಎರಡು ಹೊರಗೆ. ಏಕೆಂದರೆ ಹಸಿರಿನವನ ಬಳಿ ಶಕ್ತಿ ಧಾರಾಳ, ಮೂರು ತೆತ್ತುಬಿಡುತ್ತಾನೆ. ದೈವಕೋಪ ಮಿಕ್ಕುದನ್ನು ನೋಡಿಕೊಳ್ಳುತ್ತದೆ.

ನಿಜವಾಗಿ ನನ್ನ ಗರ್ವ ಇಳಿದದ್ದು ನನ್ನದೇ ಕಟ್ಟಿನ ಎದುರು. ಹುಡುಗಿ ನನ್ನ ಅರವತ್ತನ್ನೂ ಎಲೆಗೆ ಎಲೆ ನಕಲು ಮಾಡಿದಳು. ಪಕ್ಕದ ಹದಿನೈದನ್ನು ಮಾತ್ರ ತಾನೇ ಬರೆದುಕೊಂಡಳು, ನನಗೆ ತೋರಿಸಲಿಲ್ಲ. ಮೊದಲ ಆಟ ನಾನೇ ಗೆದ್ದೆ. ಎರಡನೆಯ ಆಟಕ್ಕೆ ಅವಳು ನಾಲ್ಕು ದೈವಕೋಪ, ಎರಡು ಕತ್ತಿನೇಗಿಲು ಹೊರಗಿಟ್ಟಳು. ಎದುರಿನ ಕಟ್ಟಿನಲ್ಲಿ ಇರುವುದೇ ಇಬ್ಬರು ದೇವದೂತೆಯರು. ಅವರಿಗೆ ಎರಡು ಕತ್ತಿನೇಗಿಲು ಸಾಕು, ದೈವಕೋಪ ಯಾರ ಮೇಲೆ? ಒಳಗೆ ತಂದದ್ದು ಜೀವಿಗಳಲ್ಲದ ಎಲೆಗಳನ್ನು ರದ್ದು ಮಾಡುವ 'ನಿಗೇಟ್' ನಾಲ್ಕು, ಮತ್ತು 'ಜಯೆಮ್‌ಡೇ ಟೋಮ್' ಎಂಬ ಹೊತ್ತಗೆ ಎರಡು. ಈ ಹೊತ್ತಗೆಯನ್ನು ನಾಲ್ಕು ಶಕ್ತಿಗೆ ಮೇಜಿನ ಮೇಲಿಟ್ಟರೆ, ಆಮೇಲೆ ಪ್ರತಿ ಸರದಿಯೂ ನಾಲ್ಕು ಶಕ್ತಿ ಕೊಟ್ಟು ಒಂದು ಎಲೆ ಹೆಚ್ಚಿಗೆ ಎಳೆಯಬಹುದು. ನನ್ನ ಕೈಯಲ್ಲಿ ಮೂರು ದೈವಕೋಪ ಕೊಳೆಯುತ್ತಿದ್ದವು. ಅವಳು ಹೊತ್ತಗೆ ಓದುತ್ತಿದ್ದಳು.

ಸೋತದ್ದು ಹೊತ್ತಗೆಯಿಂದ ಮಾತ್ರವಲ್ಲ, ನನ್ನ ಕುಳಿತ ಭಂಗಿಯಿಂದ. 1999ರಲ್ಲಿ ಮೈಕೇಲ್ ಫ್ಲೋರ್ಸ್ ಎಂಬ ಅಮೆರಿಕದ ಆಟಗಾರರು ಬರೆದ ಒಂದು ಲೇಖನ ಈ ಆಟದವರಲ್ಲಿ ಬಹಳ ಹೆಸರಾದುದು. ಅದರ ತಿರುಳು ಇಷ್ಟು: ಒಂದೇ ಬಗೆಯ ಎರಡು ಕಟ್ಟುಗಳು ಎದುರುಬದುರಾದಾಗಲೂ ಒಬ್ಬನು ನುಗ್ಗುವವನು, ಇನ್ನೊಬ್ಬನು ತಡೆಯುವವನು ಆಗಲೇಬೇಕು, ತನ್ನ ಪಾತ್ರ ಯಾವುದೆಂದು ತಪ್ಪು ತಿಳಿದವನು ಸೋಲುತ್ತಾನೆ. ಆಟ ಉದ್ದವಾದಷ್ಟೂ ಹೊತ್ತಗೆ ಇರುವವಳಿಗೆ ಲಾಭ. ಆದುದರಿಂದ ಅಂದು ನಾನು ಹುಲಿಯಾಗಬೇಕಿತ್ತು: ದೇವದೂತೆಯನ್ನು ಬೇಗನೆ ಇಳಿಸಿ, ಅಪಾಯವಿದ್ದರೂ ನುಗ್ಗಬೇಕಿತ್ತು. ನಾನೋ ಅಭ್ಯಾಸಬಲದಿಂದ ಕುರಿಯನ್ನಿಡುತ್ತ ಕುಳಿತೆ. ಮೂರನೆಯ ಆಟವೂ ಹಾಗೆಯೇ ಹೋಯಿತು.

ಮಾರನೆಯ ದಿನ ನನ್ನ ಹದಿನೈದನ್ನು ಹೊಸದಾಗಿ ಬರೆದೆ: ರಕ್ಷಾವಲಯ 3, ನೀಲಿ ಪೆಟ್ಟು 4, ಮಾಟ ಬಿಡಿಸುವುದು 2, ನಿಗೇಟ್ 4, ಹೊತ್ತಗೆ 2. ಕೆಂಪಿಗೆ ಏಳಕ್ಕೆ ಏಳು, ಹಸಿರಿಗೆ ಎರಡಕ್ಕೆ ಎರಡು, ತಡೆಯುವವರ ಎದುರು ಆರಕ್ಕೆ ಆರು. ಒಂದು ಎಲೆಯೂ ದಂಡವಿಲ್ಲ. ಕೊನೆಯ ಎರಡು ಬಗೆ ಅವಳಿಂದ ಕದ್ದದ್ದೆಂದು ಅವಳು ಊರಿಗೆಲ್ಲ ಹೇಳಿದ್ದಾಳೆ, ಅದು ನಿಜವೇ. ಅರವತ್ತರ ಪಟ್ಟಿ ಹೀಗೆ: ನೆಲ 26, ಮಂತ್ರಭಂಗ, ಸೋರುವ ಕೊಡ, ಕತ್ತಿನೇಗಿಲು, ದೈವಕೋಪ, ಕಣಿ, ಇಂಪಲ್ಸ್, ಫ್ಯಾಕ್ಟ್ ಆರ್ ಫಿಕ್ಷನ್ ನಾಲ್ಕು ನಾಲ್ಕು, ಮಾಟ ಬಿಡಿಸುವುದು, ವಶೀಕರಣ, ದೇವದೂತೆ ಎರಡೆರಡು.

ಪಟ್ಟಿಯನ್ನು ಬರೆದು ಎರಡು ಸಲ ಎಣಿಸುವುದು ಪಂದ್ಯಕ್ಕೆ ಹೋಗುವವರಿಗೆ ಅತಿ ಮುಖ್ಯ. ಕೊಟ್ಟ ಪಟ್ಟಿಯಂತೆಯೇ ಆಡಬೇಕೆಂಬುದು ನಿಯಮ. 1996ರಲ್ಲಿ ಸಿಯಾಟಲ್ ನಗರದಲ್ಲಿ ನಡೆದ ವಿಶ್ವ ಚಾಂಪಿಯನ್ ಪಂದ್ಯದಲ್ಲಿ ಆಸ್ಟ್ರೇಲಿಯದ ಟಾಮ್ ಚಾನ್‌ಫೆಂಗ್ ಎಂಬುವರು ತಮ್ಮ ಬಿಳಿ ಕಟ್ಟಿನ ಪಟ್ಟಿಯಲ್ಲಿ ನೀಲಿ ಶಕ್ತಿಯನ್ನೂ ಕೊಡುವ ನಾಲ್ಕು ನೆಲಗಳನ್ನು ಬರೆಯಲು ಮರೆತರು. ಅವುಗಳ ಬದಲು ಸಾಮಾನ್ಯ ಬಿಳಿ ನೆಲಗಳನ್ನೇ ಇಟ್ಟುಕೊಂಡು ಆಡಬೇಕಾಯಿತು. ಕಟ್ಟಿನಲ್ಲಿದ್ದ ನೀಲಿ ಎಲೆಯನ್ನು ಹೂಡುವ ದಾರಿಯೇ ಇಲ್ಲವಾಯಿತು. ಆದರೂ ಅವರೇ ಚಾಂಪಿಯನ್ ಆದರು. ಎಲ್ಲರಿಗೂ ಹಾಗಾಗುವುದೆಂದು ನಂಬಿಕೊಂಡು ಕೂರಬೇಡಿ.

ರಜೆ ಮುಗಿದು ಸೋದರಳಿಯ ಹಿಂದಿರುಗಿದ. ಚೀಟಿಗಳ ಡಬ್ಬಿ ನಮ್ಮ ಮನೆಯಲ್ಲಿಯೇ ಇದೆ. ತಾಯಿಯವರು ಅದನ್ನು ಈಗ ಒಳಗಿಡಿಸುವುದಿಲ್ಲ, ಪಂಚಾಂಗದ ಪಕ್ಕದಲ್ಲಿಯೇ ಇಟ್ಟಿದ್ದಾರೆ. ಒಂದು ವಿಷಯ ಮಾತ್ರ ನನ್ನ ಮತ್ತು ಹುಡುಗಿಯ ನಡುವೆ ಇನ್ನೂ ತೀರ್ಮಾನವಾಗಿಲ್ಲ. ವಶೀಕರಣವೊಂದನ್ನು ತೆಗೆದು ನೆಲವನ್ನು 27 ಮಾಡಬೇಕೆಂದು ಅವಳ ವಾದ. 26 ಸಾಕೆಂದು ನನ್ನದು. ಹತ್ತು ಎಲೆ ಕಂಡಾಗ ನಾಲ್ಕಾದರೂ ನೆಲ ಸಿಗುವ ಸಂಭವ 27ರಲ್ಲಿ ಎಷ್ಟಾಗುತ್ತದೆ, ಹಾಗೆಯೇ ಆರೋ ಏಳೋ ನೆಲ ಬಂದು ಕೈ ತುಂಬಿಹೋಗುವ ಸಂಭವ ಎಷ್ಟು ಏರುತ್ತದೆ, ಇವೆರಡನ್ನೂ ಲೆಕ್ಕ ಮಾಡಿ ನೋಡಿದ ವಿದ್ಯಾರ್ಥಿಗಳು ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ನನಗೆ ತಲುಪಿಸಬೇಕಾಗಿ ಕೋರುತ್ತೇನೆ. ಅವಳಿಗೆ ಮೊದಲು ತೋರಿಸಬೇಡಿ.